ಶಾರ್ಟೇಜ್ ಪಟ್ಟಿಯಲ್ಲಿ ನನ್ನ ನಂಬರು

ಪರೀಕ್ಷೆಗೆ ಹದಿನೈದು ದಿನ ಇದೆ ಎನ್ನುವಾಗ, ಒಂದು ಸೋಮವಾರ, ಕಾಲೇಜಿನ ನೋಟೀಸ್ ಬೋರ್ಡಿಗೆ ಹಾಜರಾತಿ ಕೊರತೆಯವರ ಪಟ್ಟಿ ಅಂಟಿಸಿದರು. ಶಾರ್ಟೇಜ್ ಪಟ್ಟಿ ಅನ್ನುತ್ತಿದ್ದೆವು. ಎಂಬತ್ತರ ದಶಕದ ಕೊನೆಯ ಮಾತು. ನಾನು ಕೊಳ್ಳೇಗಾಲದಲ್ಲಿ ಎರಡನೇ ವರ್ಷದ ಬಿ.ಎ. ಓದುತ್ತಿದ್ದೆ. ಪಟ್ಟಿ ನೋಡಲು ನುಗ್ಗಿದವರಲ್ಲಿ ನಾನಿರಲಿಲ್ಲ. ಹಾಸ್ಟೆಲಿನಿಂದ ಕಾಲೇಜಿಗೆ ಐದು ನಿಮಿಷದ ದಾರಿ, ಕ್ಲಾಸು ತಪ್ಪಿಸಿಕೊಳ್ಳಲು ನನಗೇನು ಕಾರಣವಿತ್ತು? ರೂಮಿನ ಗೆಳತಿ ಓಡಿ ಬಂದು, "ಲೇ, ನಿನ್ನ ನಂಬರೂ ಅದೆ ಕಣೇ" ಎಂದಾಗ ತಮಾಷೆ ಅಂದುಕೊಂಡೆ.

ತಮಾಷೆಯಾಗಿರಲಿಲ್ಲ. ಕೊನೆಯ ಸಾಲಿನಲ್ಲಿ ನೇರಳೆ ಇಂಕಿನಲ್ಲಿ ನನ್ನ ರಿಜಿಸ್ಟರ್ ನಂಬರು, ಅದರ ಮುಂದೆ ವಿಷಯ ಇತಿಹಾಸ. ಅಕ್ಷರ ಬೇರೆ ಕೈಯಿಂದ, ಆಮೇಲೆ ಸೇರಿಸಿದ ಹಾಗೆ ಕಂಡಿತು. ನಿಜವಾಗಿ ಹಾಗಿತ್ತೋ ಇಲ್ಲವೋ ಈಗ ಹೇಳಲಾರೆ. ಅವತ್ತಿನಿಂದ ಒಂದು ವಾರ ಏನು ನೋಡಿದರೂ ನನಗೆ ಹಾಗೇ ಕಾಣುತ್ತಿತ್ತು.

ಪ್ರತಿಯೊಂದು ವಿಷಯದಲ್ಲೂ ನೂರಕ್ಕೆ ಎಪ್ಪತ್ತೈದು ಹಾಜರಿ ಇರಬೇಕು, ಇಲ್ಲದಿದ್ದರೆ ಹಾಲ್ ಟಿಕೆಟ್ ಇಲ್ಲ, ಆ ವರ್ಷ ಮತ್ತೆ ಓದಬೇಕು. ಬೇರೆಯವರಿಗೆ ಅಷ್ಟೇ. ನನಗೆ ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮೊದಲ ವರ್ಷ ಇಂಗ್ಲಿಷ್, ಅರ್ಥಶಾಸ್ತ್ರ ಎರಡರಲ್ಲೂ ಫೇಲಾಗಿದ್ದೆ. ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುವಾಗ ಪ್ರಿನ್ಸಿಪಾಲರು ಅಪ್ಪನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡಿದ್ದರು: ನನ್ನ ಮಗಳು ತಪ್ಪದೆ ತರಗತಿಗೆ ಬರುತ್ತಾಳೆ, ಉಳಿದ ವಿಷಯ ಪಾಸು ಮಾಡುತ್ತಾಳೆ, ತಪ್ಪಿದರೆ ಟಿ.ಸಿ. ಕೊಟ್ಟು ಕಳಿಸಲು ನಮ್ಮ ತಕರಾರಿಲ್ಲ. ಅಪ್ಪ ಮೇಜಿನ ಪಕ್ಕ ನಿಂತುಕೊಂಡೇ ಒಂದೊಂದು ಅಕ್ಷರ ಜೋಡಿಸಿ ಸಹಿ ಹಾಕಿದ್ದ. ಹೊರಗೆ ಬಂದು, "ಇನ್ನೊಂದು ಕಿತ ನನ್ನ ಇಂಗೆ ನಿಲ್ಸಬ್ಯಾಡ ಕೂಸೇ" ಎಂದಿದ್ದ.

ಪಟ್ಟಿ ನೋಡಿದವಳೇ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ನನ್ನ ಮಾತು ಮುಗಿಯುವವರೆಗೆ ಕಾಯಲಿಲ್ಲ.

"ಒಂದು ದಿನವೂ ತಪ್ಪಿಸಿಲ್ಲ ಅಂತೀರಿ. ಪಟ್ಟಿಯಲ್ಲಿರೋ ಎಲ್ಲರೂ ಅದನ್ನೇ ಹೇಳಿ ಹೋಗಿದ್ದಾರೆ. ನೀವು ಎಷ್ಟನೆಯವರು ಗೊತ್ತಾ?"

"ಸಾ, ಇತಿಹಾಸದ ಮೇಷ್ಟ್ರನ್ನೇ ಕೇಳಿ ಸಾ."

"ಅವರು ಕೊಟ್ಟ ಪುಸ್ತಕ ನೋಡಿಯೇ ಪಟ್ಟಿ ಮಾಡಿರೋದು. ಶನಿವಾರ ಇದು ಮೈಸೂರಿಗೆ, ಯೂನಿವರ್ಸಿಟಿಗೆ ಹೋಗುತ್ತೆ. ನಿಮ್ಮ ತಂದೆಯವರನ್ನ ಕರ್ಕೊಂಡು ಬನ್ನಿ. ನಿಮ್ಮ ಮುಚ್ಚಳಿಕೆ ನಮ್ಮ ಹತ್ರ ಇದೆ, ಮರೀಬೇಡಿ."

ಸತ್ಯ ಹೇಳಬೇಕೆಂದರೆ ಒಂದು ದಿನವೂ ತಪ್ಪಿಸಿಲ್ಲ ಎಂದದ್ದು ಸುಳ್ಳು. ಹಾಸ್ಟೆಲಿನ ಹುಡುಗಿಯರ ಜೊತೆ ಭರಚುಕ್ಕಿಗೆ ಒಮ್ಮೆ ಹೋಗಿದ್ದೆ, ಮ್ಯಾಟಿನಿಗೆ ಎರಡು ಸಲ. ಮೂರೇ ದಿನ. ಆದರೆ ಆ ಮೂರು ದಿನ ಬೆನ್ನ ಹಿಂದೆ ನಿಂತಿದ್ದರಿಂದ, ಉಳಿದದ್ದನ್ನೆಲ್ಲ ಗಟ್ಟಿಯಾಗಿ ಹೇಳಲು ನನಗೆ ಬಾಯಿ ಬರಲಿಲ್ಲ.

ಮೊದಲು ಅನುಮಾನ ಬಂದದ್ದು ಇತಿಹಾಸದ ಮೇಷ್ಟ್ರ ಮೇಲೆ. ಒಂದು ಸಲ ಅವರು ಇಸವಿ ತಪ್ಪು ಹೇಳಿದಾಗ ನಾನು ನಕ್ಕಿದ್ದೆ. ಅದನ್ನು ಇಟ್ಟುಕೊಂಡು ಹೀಗೆ ಮಾಡಿದರೇ? ಅವರು ದಪ್ಪ ಕನ್ನಡಕದ, ತಲೆ ಎತ್ತದೆ ಹಾಜರಿ ಕೂಗುವ ಸಾಧು ಮನುಷ್ಯ. ಆಮೇಲೆ ರೂಮಿನ ಗೆಳತಿಯ ಮೇಲೆ. ಪಟ್ಟಿಯ ಸುದ್ದಿಯನ್ನು ಅಷ್ಟು ಅವಸರದಲ್ಲಿ ಯಾಕೆ ತಂದಳು? ಮ್ಯಾಟಿನಿ ವಿಷಯ ಇವಳೇ ಯಾರಿಗಾದರೂ ಹೇಳಿದಳೇ? ಅವಳು ಅನ್ನದ ತಟ್ಟೆ ತಂದು ಮುಂದಿಟ್ಟರೂ ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

ಮಧ್ಯಾಹ್ನ ಆಫೀಸಿಗೆ ಹೋದೆ. ಪರೀಕ್ಷಾ ವಿಭಾಗದ ಗುಮಾಸ್ತರು ಯಾವತ್ತೂ ಹುಡುಗರ ಮೇಲೆ ಸಿಡುಕುವವರು. ಅವತ್ತು ನನ್ನನ್ನು ನೋಡಿದ ಕೂಡಲೇ ದನಿ ಇಳಿಸಿದರು.

"ಒಂದು ಮೆಡಿಕಲ್ ಸರ್ಟಿಫಿಕೇಟ್ ತಂದ್ಬಿಡಮ್ಮ. ಟೈಫಾಯ್ಡ್ ಅಂತ ಬರೆಸು ಸಾಕು. ನಾನು ಮಾಫಿ ಮಾಡಿಸಿಕೊಡ್ತೀನಿ."

"ನನಗೆ ಏನೂ ಆಗಿರಲಿಲ್ವಲ್ಲ ಸಾ. ನಾನು ಕ್ಲಾಸಿಗೆ ಬಂದಿದೀನಿ."

"ಬಂದಿದ್ದು ಬಿಟ್ಟಿದ್ದು ಯಾರಿಗೆ ಬೇಕು? ಕೆಲಸ ಆಗೋದು ನೋಡು."

ಇಷ್ಟು ಒಳ್ಳೆಯತನ ಯಾಕೆ ಎಂದು ಯೋಚಿಸುತ್ತ ನಿಂತವಳಿಗೆ ಕೌಂಟರಿನ ಮೇಲೆ ಹಂಚಲು ಇಟ್ಟಿದ್ದ ಹಾಲ್ ಟಿಕೆಟ್ಟಿನ ಕಟ್ಟು ಕಂಡಿತು. ಮೇಲುಗಡೆಯೇ ನನ್ನ ಹೆಸರು! ಬಗ್ಗಿ ನೋಡಿದರೆ ಇನಿಷಿಯಲ್ ಬೇರೆ, ಫೋಟೋ ಬೇರೆ.

ನಮ್ಮ ಕ್ಲಾಸಿನಲ್ಲಿ ನನ್ನದೇ ಹೆಸರಿನ ಇನ್ನೊಬ್ಬ ಹುಡುಗಿ ಇದ್ದಳು. ಯಳಂದೂರಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಕಾಲೇಜಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ದಿನಾ ಬಂದ ನನಗೆ ಶಾರ್ಟೇಜ್. ನಾಲ್ಕು ತಿಂಗಳು ಬಾರದ ಅವಳಿಗೆ ಹಾಲ್ ಟಿಕೆಟ್. ಹೊರಗೆ ಬಂದು ಗಂಟೆ ಹೊಡೆಯುವ ಜವಾನನನ್ನು ಅವಳ ವಿಷಯ ಕೇಳಿದೆ. ಅವನು ಅತ್ತಿತ್ತ ನೋಡಿ, "ಗುಮಾಸ್ತರು ಆ ಹುಡುಗಿಗೆ ಸೋದರಮಾವ ಆಗ್ಬೇಕು ಕಣವ್ವ. ನಾನ್ ಯೋಳ್ದೆ ಅನ್ಬ್ಯಾಡ" ಎಂದ.

ಅಲ್ಲಿಗೆ ನನಗೆ ಎಲ್ಲ ತಿಳಿದುಹೋಯಿತು ಅನಿಸಿತು.

ಮರುದಿನ ಅಪ್ಪ ರೇಷ್ಮೆ ಗೂಡು ತಕ್ಕೊಂಡು ಕೊಳ್ಳೇಗಾಲದ ಮಾರ್ಕೆಟ್ಟಿಗೆ ಬರುವವನಿದ್ದ. ಅಜ್ಜೀಪುರದ ನಮ್ಮ ಮನೆಯಲ್ಲಿ ಅರ್ಧ ಜಾಗ ಹುಳುಗಳದ್ದು. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಿ ಬೆಳೆಸಿದ ಹುಳು ಗೂಡು ಕಟ್ಟಿದ ಮೇಲೆ ಅಪ್ಪ ಮೂಟೆ ಹೊತ್ತು ಬೆಳಗಿನ ಬಸ್ಸು ಹತ್ತುತ್ತಿದ್ದ. ಮಾರ್ಕೆಟ್ಟಿನ ಗೇಟಿನ ಹತ್ತಿರ ನನ್ನನ್ನು ಕಂಡವನೇ, ಕ್ಲಾಸು ನಡೆಯುವ ಹೊತ್ತಲ್ಲಿ ಇಲ್ಲೇಕೆ ಬಂದಳು ಎನ್ನುವಂತೆ ನೋಡಿದ. ನಾನು ಎಲ್ಲ ಹೇಳಿದೆ. ಅಪ್ಪ ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ ನಿಂತ.

"ಕೌದಳ್ಳಿ ಅಂಗ್ಡಿಯವ್ನು ಯೋಳಿದ್ದ," ಎಂದ ಕೊನೆಗೆ. "ನಿಮ್ಮ ಕೂಸು ಸಿನಿಮಾ ಟಾಕೀಸ್ ತಾವ ನಿಂತಿತ್ತು ಅಂತ. ನಾನು ನಂಬ್ನಿಲ್ಲ. ಅವನ ಕೂಟೆ ಜಗಳ ಆಡ್ಬುಟ್ಟೆ."

ನಾನು ತಲೆ ತಗ್ಗಿಸಿದೆ.

"ಎಲ್ಲಿಗ್ ಓಯ್ತಿದ್ದೆ ಯೋಳ್ಬುಡು. ನಾನೇನು ಒಡೆಯಲ್ಲ."

"ಕ್ಲಾಸಿಗೇ ಓಯ್ತಿದ್ದೆ ಕಣಪ್ಪ."

ಅಪ್ಪ ಜೊತೆಯಲ್ಲಿ ಕಾಲೇಜಿಗೆ ಬಂದ. ಆದರೆ ನೇರ ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ. ಗೇಟಿನ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತು, ಒಳಗೆ ಹೋಗುವ ಬರುವ ಹುಡುಗರನ್ನು ಬಹಳ ಹೊತ್ತು ನೋಡಿದ. ಯಾವನಾದರೂ ನನ್ನ ಕಡೆ ತಿರುಗಿ ನಗುತ್ತಾನೋ ಎಂದು ಕಾಯುತ್ತಿದ್ದ ಎಂಬುದು ನನಗೆ ಗೊತ್ತಾಗುತ್ತಿತ್ತು. ನನ್ನ ಸಹಪಾಠಿಯೊಬ್ಬ ಸುಮ್ಮನೆ ಕೈಯೆತ್ತಿ ಹೋದ. ಅಪ್ಪನ ಕಣ್ಣು ಅವನ ಬೆನ್ನ ಹಿಂದೆಯೇ ಹೋಯಿತು. ಅಷ್ಟು ಅವಮಾನ ನನಗೆ ಪಟ್ಟಿಯಲ್ಲಿ ನಂಬರು ನೋಡಿದಾಗಲೂ ಆಗಿರಲಿಲ್ಲ.

ಪ್ರಿನ್ಸಿಪಾಲರು ಅಪ್ಪನನ್ನು ಕೂರಿಸಿ ಮಾತಾಡಿದರು. ಆದರೆ ಮಾತು ಅದೇ. "ಸಾಕ್ಷಿ ಇದ್ರೆ ತನ್ನಿ. ಬರೀ ಬಾಯಿ ಮಾತಿಗೆ ನಾನು ಪಟ್ಟಿ ತಿದ್ದಿದರೆ ನಾಳೆ ಎಲ್ಲರೂ ಬರ್ತಾರೆ."

ಹೊರಗೆ ಬಂದು, "ಯಳಂದೂರಿಗೆ ಹೋಗಿ ಆ ಹುಡುಗಿಯನ್ನೇ ಕೇಳ್ತೀನಿ" ಎಂದೆ. ಒಬ್ಬಳನ್ನೇ ಕಳಿಸಲು ಅಪ್ಪ ಒಪ್ಪಲಿಲ್ಲ. ಇಬ್ಬರೂ ಯಳಂದೂರಿನ ಬಸ್ಸು ಹತ್ತಿದೆವು. ಮಾಂಬಳ್ಳಿ ದಾಟುವವರೆಗೂ ನಾನು ಮನಸ್ಸಿನಲ್ಲೇ ಅವಳ ಜೊತೆ ಜಗಳ ಆಡುತ್ತಿದ್ದೆ. ಕಳ್ಳಿ, ನನ್ನ ಹಾಜರಿ ಕದ್ದು ಮನೆಯಲ್ಲಿ ಕೂತಿದ್ದೀಯ ಎಂದು ಬೈಯುವ ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಬಂದದ್ದು ಅವಳ ತಾಯಿ. ಕಾಲೇಜಿನಿಂದ ಎಂದ ಕೂಡಲೇ ಅವರ ಮುಖ ಗಂಟಾಯಿತು. ಅಪ್ಪ ಜೊತೆಗೆ ಇಲ್ಲದಿದ್ದರೆ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಅಪ್ಪನನ್ನು ಜಗಲಿಯಲ್ಲಿ ಕೂರಿಸಿ, ನನ್ನನ್ನು ನಡುಮನೆಗೆ ಕರೆದರು. ಅವಳು ಅಕ್ಕಿ ಆರಿಸುತ್ತ ಕೂತಿದ್ದಳು. ಇಳಿದುಹೋಗಿದ್ದಳು. ತಾಯಿ ನಮ್ಮಿಬ್ಬರ ನಡುವೆಯೇ ನಿಂತು ಕೇಳಿದರು, "ಯಾರಾದ್ರೂ ಏನಾದ್ರೂ ಕೊಟ್ಟು ಕಳ್ಸಿದಾರಾ? ಕಾಗದ ಗೀಗದ?"

"ಇಲ್ಲ, ಪರೀಕ್ಷೆ ವಿಷಯ ಮಾತಾಡಬೇಕಿತ್ತು."

ಅವರು ನನ್ನ ಕೈಚೀಲದ ಕಡೆ ಒಮ್ಮೆ ನೋಡಿ, ಕಾಫಿ ತರುತ್ತೇನೆಂದು ಒಳಗೆ ಹೋದರು. ಅವಳು ತಲೆ ಎತ್ತದೆ ಪಿಸುಗುಟ್ಟಿದಳು.

"ದೀಪಾವಳಿಲಿ ನನ್ನ ಪುಸ್ತಕದೊಳಗೆ ಒಂದು ಕಾಗದ ಸಿಕ್ತು ಅಂತ ಇವ್ರು ಕಾಲೇಜು ಬಿಡಿಸಿದ್ರು. ನಾನು ಬರೆದದ್ದೂ ಅಲ್ಲ. ಎಷ್ಟು ಯೋಳಿದ್ರೂ ನಂಬಲ್ಲ. ಮಾವ ಒಬ್ಬನೇ ನನ್ ಕಡೆ. ಪರೀಕ್ಷೆಗೆ ಕೂರುಸ್ತೀನಿ, ಹಾಜರಿ ನಾ ನೋಡ್ಕತೀನಿ ಅಂದವ್ನೆ."

"ನನ್ನ ಹಾಜರಿ ನಿನ್ನ ಹೆಸರಿಗೆ ಹೋಗಿದೆ. ನನಗೆ ಶಾರ್ಟೇಜ್ ಬಂದಿದೆ. ನಿಂಗೆ ಗೊತ್ತಿರ್ನಿಲ್ವಾ?"

ಅವಳ ಕೈ ಮೊರದಲ್ಲೇ ನಿಂತಿತು. "ನಿಂದು ಅಂತ ಗೊತ್ತಿರ್ನಿಲ್ಲ ಕಣೆ" ಎಂದಳು. ಅವಳು ಹಾಗೆ ಹೇಳುವಾಗ ಗೋಡೆಯ ಕಡೆ ನೋಡಿದಳು. ನಾನು ನಂಬಲಿಲ್ಲ.

ಆದರೆ ಅವಳು ಎದ್ದು ಗೋಡೆಗೂಡಿನಲ್ಲಿದ್ದ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಸರಸರನೆ ಬರೆದಳು: ದೀಪಾವಳಿ ರಜೆಯ ನಂತರ ನಾನು ಒಂದು ದಿನವೂ ತರಗತಿಗೆ ಹಾಜರಾಗಿಲ್ಲ. ಕೆಳಗೆ ಸಹಿ. ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ತುರುಕಿದಳು. "ಬೇಕಾದ್ರೆ ಮಾತ್ರ ಕೊಡು. ನಿನ್ ಕೆಲ್ಸ ಬೇರೆ ತರ ಆಯ್ತು ಅಂದ್ರೆ ಹರಿದಾಕು." ತಾಯಿ ಕಾಫಿ ತರುವಷ್ಟರಲ್ಲಿ ಅವಳು ಮತ್ತೆ ಅಕ್ಕಿ ಆರಿಸುತ್ತಿದ್ದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆ ಹಾಳೆಯನ್ನು ಬಿಚ್ಚಿ ಬಿಚ್ಚಿ ನೋಡಿದೆ. ಇಷ್ಟು ಸುಲಭವಾಗಿ ಯಾಕೆ ಬರೆದುಕೊಟ್ಟಳು? ಸಹಿ ಅವಳದೇನಾ? ಮಾವನಿಗೆ ಹೇಳಿ ನಾಳೆ ಇದು ಸುಳ್ಳು ಎಂದುಬಿಟ್ಟರೆ? ಅಪ್ಪ ಅವತ್ತು ಊರಿಗೆ ಹೋಗಲಿಲ್ಲ. ಗೂಡು ತಂದ ಬೇರೆ ರೈತರ ಜೊತೆ ಮಾರ್ಕೆಟ್ಟಿನ ಜಗಲಿಯಲ್ಲೇ ಮಲಗಿದ.

ಹಾಸ್ಟೆಲಿನಲ್ಲಿ ದಾರಿ ತೋರಿಸಿದವಳು ನಾನು ಅನುಮಾನಪಟ್ಟ ರೂಮಿನ ಗೆಳತಿಯೇ. "ಟೆಸ್ಟ್ ಪೇಪರ್ ಇಟ್ಟಿದೀಯ ತಾನೆ? ಅದ್ರ ಮೇಲೆ ತಾರೀಖು ಇರುತ್ತಲ್ಲ" ಎಂದಳು. ಟ್ರಂಕಿನ ತಳ ಹುಡುಕಿದೆ. ದೀಪಾವಳಿಯ ನಂತರ ಬರೆದ ಮೂರು ಇತಿಹಾಸದ ಟೆಸ್ಟುಗಳು, ಮೂರರ ಮೇಲೂ ತಾರೀಖು, ಮೂರರಲ್ಲೂ ಮೇಷ್ಟ್ರ ಕೆಂಪು ಇಂಕಿನ ಸಹಿ. ಅನುಮಾನಪಟ್ಟದ್ದನ್ನು ಗೆಳತಿಗೆ ಹೇಳದೆ ಮಲಗಿದೆ.

ಬುಧವಾರ ಪ್ರಿನ್ಸಿಪಾಲರ ಕೋಣೆಗೆ ಮೇಷ್ಟ್ರನ್ನೂ ಗುಮಾಸ್ತರನ್ನೂ ಕರೆಸಿದರು. ಅಪ್ಪ ಬಾಗಿಲ ಬಳಿ ನಿಂತಿದ್ದ. ಮೇಷ್ಟ್ರು ಟೆಸ್ಟ್ ಪೇಪರುಗಳನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ನೋಡಿದರು. ಹಾಜರಿ ಪುಸ್ತಕದಲ್ಲಿ ಟೆಸ್ಟ್ ಬರೆದ ಆ ಮೂರು ದಿನವೂ ನನ್ನ ಹೆಸರಿನ ಮುಂದೆ ಗೈರು, ಇನ್ನೊಬ್ಬಳ ಮುಂದೆ ಹಾಜರು. ಆಗ ಅವರು ಪುಸ್ತಕದ ಮೊದಲ ಪುಟ ತಿರುಗಿಸಿ, ನಿಧಾನಕ್ಕೆ, "ಇದು ಹಳೇ ಪುಸ್ತಕ ಅಲ್ಲ" ಎಂದರು.

ಆದದ್ದು ಇಷ್ಟು. ಉಳಿದ ಮೇಷ್ಟ್ರುಗಳು ನಂಬರು ಕೂಗುತ್ತಿದ್ದರು, ಇವರು ಹೆಸರು ಕೂಗುತ್ತಿದ್ದರು. ಹಳೆಯ ಪುಸ್ತಕದಲ್ಲಿ ನಾನು ಮೊದಲು, ಅವಳು ಎರಡನೆಯವಳು. ಮೊದಲ ಸಲ ಕೂಗಿದರೆ ನಾನು ಎಸ್ ಸಾ ಅನ್ನಬೇಕು, ಎರಡನೇ ಸಲಕ್ಕೆ ಅವಳು. ದೀಪಾವಳಿ ರಜೆಯಲ್ಲಿ ಆಫೀಸಿನವರು ಹೊಸ ಪುಸ್ತಕಕ್ಕೆ ಹೆಸರು ಇಳಿಸಿದ್ದರು. ಅದರಲ್ಲಿ ಅವಳು ಮೊದಲಾಗಿದ್ದಳು. ನಾನು ಅಭ್ಯಾಸದಂತೆ ಮೊದಲ ಕರೆಗೆ ಓಗೊಟ್ಟೆ, ಎರಡನೆಯದಕ್ಕೆ ಸುಮ್ಮನಿದ್ದೆ. ಮೇಷ್ಟ್ರು ತಲೆ ಎತ್ತಲಿಲ್ಲ. ನಾಲ್ಕು ತಿಂಗಳು ನನ್ನ ಬಾಯಿಂದಲೇ ನನ್ನ ಹಾಜರಿ ಅವಳಿಗೆ ಹೋಗಿತ್ತು.

"ಹೆಸರು ಇಳಿಸಿದ್ದು ಯಾರು?" ಪ್ರಿನ್ಸಿಪಾಲರು ಕೇಳಿದರು.

"ನಾನೇ ಸಾರ್," ಎಂದರು ಗುಮಾಸ್ತರು. "ಹಳೇದನ್ನ ಇಲಿ ಕಡಿದಿತ್ತು. ಅಡ್ಮಿಷನ್ ನಂಬರಿನ ಪ್ರಕಾರ ಬರೆದೆ." ಅಡ್ಮಿಷನ್ ಪುಸ್ತಕ ತರಿಸಿ ನೋಡಿದರು. ನಿಜ, ಅವಳ ನಂಬರು ನನಗಿಂತ ಮುಂದೆಯೇ ಇತ್ತು.

ಮೇಷ್ಟ್ರು ಎದ್ದು ನಿಂತರು. "ತಪ್ಪು ನಂದು ಸಾರ್. ಈ ಹುಡುಗಿ ಬಂದಿದಾಳೆ, ನಾನು ಬರೆದುಕೊಡ್ತೀನಿ. ಆ ಇನ್ನೊಬ್ಬಳೂ ಬರ್ತಿದ್ಲೋ ಏನೋ, ನೆನಪಿಲ್ಲ. ಇಬ್ಬರಿಗೂ ಹಾಜರಿ ಕೊಟ್ಟುಬಿಡೋಣ, ಯಾಕೆ ಒಂದು ವರ್ಷ ಹಾಳು ಮಾಡೋದು?"

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದರು. ನನ್ನ ಕೆಲಸ ಆಗಿಹೋಗಿತ್ತು. ಆದರೆ ಗುಮಾಸ್ತರು ಹಣೆ ಒರೆಸಿಕೊಂಡು ಸಣ್ಣಗೆ ಉಸಿರು ಬಿಟ್ಟದ್ದು ನನಗೆ ಕಾಣಿಸಿತು. ಇದು ಇವರೆಲ್ಲ ಕೂಡಿ ಆಡುತ್ತಿರುವ ಆಟ. ನಾವು ಇಲ್ಲಿಂದ ಹೊರಗೆ ಹೋದ ಕೂಡಲೇ ಮತ್ತೆ ತಿದ್ದುತ್ತಾರೆ. ಶನಿವಾರ ಮೈಸೂರಿಗೆ ಹೋಗುವುದು ನನ್ನ ನಂಬರೇ. ಹಾಗನ್ನಿಸಿದ್ದೇ ತಡ, ಚೀಲದಿಂದ ಆ ಹಾಳೆ ತೆಗೆದು ಮೇಜಿನ ಮೇಲಿಟ್ಟೆ.

ಪ್ರಿನ್ಸಿಪಾಲರು ಓದಿದರು. ಉಳಿದ ವಿಷಯಗಳ ಹಾಜರಿ ಪುಸ್ತಕಗಳನ್ನೂ ತರಿಸಿದರು. ಅವುಗಳಲ್ಲಿ ದೀಪಾವಳಿಯಿಂದ ಈಚೆಗೆ ಅವಳಿಗೆ ಒಂದೂ ಹಾಜರಿ ಇರಲಿಲ್ಲ. ಗುಮಾಸ್ತರು ತಯಾರಿಸಿದ ಒಟ್ಟು ಲೆಕ್ಕದಲ್ಲಿ ಮಾತ್ರ ಎಲ್ಲದರಲ್ಲೂ ಎಂಬತ್ತರ ಮೇಲಿತ್ತು. ಗುಮಾಸ್ತರು ನನ್ನ ಕಡೆ ಒಮ್ಮೆ ನೋಡಿದರು, ಸಿಟ್ಟಿನಿಂದ ಅಲ್ಲ. ಆ ನೋಟ ಏನು ಎಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ. ಸಂಜೆಯ ಹೊತ್ತಿಗೆ ಬೋರ್ಡಿನ ಮೇಲಿನ ಪಟ್ಟಿಯಲ್ಲಿ ನನ್ನ ನಂಬರು ಹೊಡೆದುಹಾಕಿ, ಪಕ್ಕದಲ್ಲೇ ಅವಳ ನಂಬರು ಬರೆದಿದ್ದರು. ಅದೇ ನೇರಳೆ ಇಂಕು.

ನನ್ನನ್ನು ಎರಡು ದಿನ ಊರಿಗೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ ಹಾಸ್ಟೆಲಿನಲ್ಲಿ ಹೇಳಿದ. ಬಸ್ಸು ಹನೂರಿನಲ್ಲಿ ಬಹಳ ಹೊತ್ತು ನಿಂತಿತ್ತು. ಅಪ್ಪ ಕಿಟಕಿಯ ಆಚೆ ನೋಡುತ್ತಲೇ ಕೇಳಿದ:

"ಒಂದು ದಿನಾನೂ ತಪ್ಪಿಸ್ನಿಲ್ವಾ?"

"ಮೂರು ದಿನ," ಎಂದೆ. "ಒಂದು ದಿನ ಭರಚುಕ್ಕಿ. ಎರಡು ದಿನ ಸಿನಿಮಾ. ಹುಡುಗಿಯರೇ ಹೋಗಿದ್ದೆವು."

"ಅಂಗಾರೆ ಅಂಗ್ಡಿಯವ್ನು ಸುಳ್ಳೇಳ್ನಿಲ್ಲ," ಎಂದ ಅಪ್ಪ. ಅಂದಿನಿಂದ ನನ್ನ ಡಿಗ್ರಿ ಮುಗಿಯುವವರೆಗೆ, ಗೂಡು ಇರಲಿ ಇಲ್ಲದಿರಲಿ, ತಿಂಗಳಿಗೊಮ್ಮೆ ಕೊಳ್ಳೇಗಾಲಕ್ಕೆ ಬಂದು ಕಾಲೇಜಿನ ಎದುರಿನ ಬೆಂಚಿನ ಮೇಲೆ ಒಂದು ಗಳಿಗೆ ಕೂತು ಹೋಗುತ್ತಿದ್ದ. ನಾನು ಕಂಡರೂ ಕಾಣದವಳಂತೆ ಕ್ಲಾಸಿಗೆ ಹೋಗುತ್ತಿದ್ದೆ.

ಆ ಸಲ ಇಂಗ್ಲಿಷ್, ಅರ್ಥಶಾಸ್ತ್ರ ಎರಡೂ ಪಾಸಾಯಿತು. ಮುಚ್ಚಳಿಕೆಯ ಮಾತು ಮತ್ತೆ ಬರಲಿಲ್ಲ. ಗುಮಾಸ್ತರನ್ನು ಕೆಲವು ತಿಂಗಳು ಸಸ್ಪೆಂಡ್ ಮಾಡಿ ಆಮೇಲೆ ಬೇರೆ ಊರಿಗೆ ಹಾಕಿದರು ಎಂದು ಕೇಳಿದೆ. ಹೆಸರಿನ ಸಾಲು ಬದಲಾದದ್ದು ನಿಜವಾಗಿ ಇಲಿಯ ದೆಸೆಯಿಂದಲೋ, ಅವರ ಕೈಚಳಕದಿಂದಲೋ, ಯಾರಿಗೂ ತಿಳಿಯಲಿಲ್ಲ. ಯಳಂದೂರಿನವಳಿಗೆ ಆ ಬೇಸಿಗೆಯಲ್ಲೇ ಮದುವೆಯಾಯಿತು.

ಮತ್ತೆ ಅವಳನ್ನು ನೋಡಿದ್ದು ಹದಿನೈದು ವರ್ಷದ ಮೇಲೆ, ಎರಡು ಸಾವಿರದ ನಾಲ್ಕರ ಸುಮಾರಿಗೆ. ನಾನು ಆಗ ಹನೂರಿನ ಒಂದು ಹೈಸ್ಕೂಲಿನಲ್ಲಿ ಟೀಚರು. ಏನೋ ಕೆಲಸಕ್ಕೆ ಯಳಂದೂರಿಗೆ ಹೋದವಳು ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಎತ್ತರದ ಹುಡುಗಿಯೊಬ್ಬಳನ್ನು ಕರೆದುಕೊಂಡು ಬಂದ ಹೆಂಗಸು ನನ್ನನ್ನು ನನ್ನ ಹೆಸರು ಹಿಡಿದು ಕೂಗಿದಳು. ಕೂಗಿ ತಾನೇ ನಕ್ಕಳು.

"ನನ್ನ ಹೆಸರು ನಾನೇ ಕೂಗಿ ಎಷ್ಟು ವರ್ಷ ಆಗಿತ್ತು! ಗುಮಾಸ್ತ ಮಾವ ಆವತ್ತಿಂದ ನನ್ನ ಹೆಸರಿಡಿದು ಕರೀನೇ ಇಲ್ಲ. ಏ ಕೂಸು ಅಂತಲೇ ಕೂಗ್ತಿದ್ದ, ಓದ ವರ್ಷ ಸಾಯೋಗಂಟ."

ಮಗಳ ಹೈಸ್ಕೂಲಿನ ಅಡ್ಮಿಷನ್ನಿಗೆ ಓಡಾಡುತ್ತಿದ್ದಳಂತೆ. ನಾನು ಹನೂರಿನಲ್ಲಿ ಟೀಚರು ಎಂದೆ. ಅಪ್ಪ ಹೇಗಿದ್ದಾರೆ ಎಂದು ಕೇಳಿದಳು. ಮಗಳನ್ನು ನೀರು ತರಲು ಕಳಿಸಿ, ದನಿ ತಗ್ಗಿಸದೆ, ನನ್ನ ಮುಖ ನೋಡಿಕೊಂಡೇ ಕೇಳಿದಳು:

"ಆ ಕಾಗದ ಕೊಡೋದು ಬೇಕಾಗಿತ್ತಾ?"

ಅವಳೇ ಕದ್ದಳೆಂದು ಬೇಕಾದಾಗಲೆಲ್ಲ ನನಗೆ ನಾನೇ ಹೇಳಿಕೊಂಡು ಇಷ್ಟು ವರ್ಷ ಕಳೆದಿದ್ದೆ. ಈಗ ಆ ಮಾತು ಬಾಯಿಗೆ ಬರಲಿಲ್ಲ.

"ಬೇಕಾಗಿರ್ನಿಲ್ಲ," ಎಂದೆ. "ನನ್ನ ಹೆಸರು ಆಗಲೇ ಸರಿಯಾಗಿತ್ತು. ಆದ್ರೂ ಅವರನ್ನ ನಂಬಕ್ಕಾಗ್ನಿಲ್ಲ. ನಿನ್ನೂ ನಂಬಿರ್ನಿಲ್ಲ."

"ಗೊತ್ತು. ಮಾವ ಅಲ್ಲೇ ಇದ್ನಲ್ಲ, ಅವನೇ ಯೋಳಿದ್ದ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀನು ಏನಂತೀಯೋ ನೋಡವ ಅಂತ ಕೇಳ್ದೆ, ಅಷ್ಟೆ."

ಮಗಳು ನೀರಿನ ಬಾಟಲಿ ತಂದಳು. ಅವರ ಬಸ್ಸು ಬಂದಿತ್ತು. ಹತ್ತುವಾಗ ಅವಳು ತಿರುಗಿ, ಮಗಳಿಗೆ ಇತಿಹಾಸ ಸ್ವಲ್ಪ ಕಷ್ಟ, ರಜೆಯಲ್ಲಿ ಹನೂರಿಗೆ ಕಳಿಸಿದರೆ ಹೇಳಿಕೊಡ್ತೀಯಾ ಎಂದು ಕೇಳಿದಳು. ಕಳಿಸು ಎಂದೆ.